ಕತ್ತಿನ ಬಲ ಅಳೆಯುವುದು ಹೇಗೆ? ಹಳೆಯ ಕತ್ತುನೋವು ಇರುವವರಿಗೆ ಹಂತ ಹಂತದ ಮಾರ್ಗದರ್ಶಿ

"ನನ್ನ ಕತ್ತು ವೀಕ್ ಆಗಿದೆಯಾ? ಎಷ್ಟು ವೀಕ್ ಅಂತ ಗೊತ್ತಾಗೋದು ಹೇಗೆ?" ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಓದುಗರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಹೊಲಿಗೆ ಅಂಗಡಿಯವರು ಕೇಳುತ್ತಾರೆ, ಬ್ಯಾಂಕಿನವರು ಕೇಳುತ್ತಾರೆ, ಮೊಳಕಾಲ್ಮೂರಿನಿಂದ ಮಗ್ಗದಲ್ಲಿ ಕೂರುವವರು ಕೇಳುತ್ತಾರೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು ಇನ್ನೊಂದು ರೀತಿ ಕೇಳುತ್ತಾರೆ: "50 ಕೆ.ಜಿ. ಚೀಲ ಹೊರ್ತೀನಿ, ನನ್ನ ಕತ್ತು ಹೇಗೆ ವೀಕ್ ಆಗುತ್ತೆ?"

ಕೊನೆಯ ಪ್ರಶ್ನೆ ತುಂಬಾ ಒಳ್ಳೆಯದು. ಅದಕ್ಕೆ ಉತ್ತರ ಗೊತ್ತಾದರೆ ಅಳತೆಯ ಅರ್ಧ ವಿಷಯ ಗೊತ್ತಾದ ಹಾಗೆ.

ನಮ್ಮ ತಲೆಯ ತೂಕ ಸುಮಾರು 4.5ರಿಂದ 5 ಕೆ.ಜಿ. ಅದನ್ನು 7 ಮೂಳೆಗಳ ಕಂಬದ ಮೇಲೆ ನಿಲ್ಲಿಸಿಕೊಂಡಿರುವುದು ಎರಡು ಬಗೆಯ ಸ್ನಾಯುಗಳು. ಹೊರಗಿನವು ದೊಡ್ಡವು. ಕನ್ನಡಿ ಮುಂದೆ ತಲೆ ಒಂದು ಕಡೆ ತಿರುಗಿಸಿದರೆ ಕಿವಿಯ ಹಿಂದಿನಿಂದ ಎದೆಯ ಮೂಳೆಯವರೆಗೆ ಹಗ್ಗದ ಹಾಗೆ ಒಂದು ಎದ್ದು ಕಾಣುತ್ತದೆ, ಅದು ಹೊರಗಿನದು. ಒಳಗಿನವು ಗಂಟಲಿನ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡೇ ಇರುತ್ತವೆ. ಕೈಗೆ ಸಿಗುವುದಿಲ್ಲ. ಭಾರ ತಳ್ಳುವುದು, ಎಳೆಯುವುದು ಹೊರಗಿನವರ ಕೆಲಸ. ಮೂಳೆಗಳನ್ನು ಇಡೀ ದಿನ ಸಣ್ಣ ಬಲದಲ್ಲಿ ಸರಿಯಾದ ಜಾಗದಲ್ಲಿ ಹಿಡಿದಿಡುವುದು ಒಳಗಿನವರ ಕೆಲಸ. ಹಳೆಯ ಕತ್ತುನೋವಿನಲ್ಲಿ ಒಳಗಿನವು ಸೋಮಾರಿಯಾಗುವುದು, ಅವುಗಳ ಕೆಲಸವನ್ನೂ ಹೊರಗಿನವೇ ಮೈಮೇಲೆ ಹಾಕಿಕೊಳ್ಳುವುದು ತುಂಬಾ ಸಾಮಾನ್ಯ. ಹಾಗಾಗಿ ಚೀಲ ಹೊರುವ ಕತ್ತಿನಲ್ಲೂ ಒಳಗಿನ ಸ್ನಾಯು ಬೇಗ ಸುಸ್ತಾಗಬಹುದು.

ಅಂದರೆ "ಕತ್ತಿನ ಬಲ" ಅಂತ ಒಂದೇ ಅಳತೆ ಇಲ್ಲ. ಮೂರು ಇವೆ. ಒಳಗಿನ ಸ್ನಾಯುವಿನ ಹಿಡಿತ, ಅಂದರೆ ಸಣ್ಣ ಬಲವನ್ನು ಅಲುಗಾಡದೆ ಹಿಡಿಯುವುದು. ತಾಳಿಕೆ, ಅಂದರೆ ಎಷ್ಟು ಹೊತ್ತು ಹಿಡಿಯಬಲ್ಲಿರಿ ಅನ್ನುವುದು. ಪೂರ್ತಿ ಬಲ, ಅಂದರೆ ಒಮ್ಮೆ ಎಷ್ಟು ಜೋರಾಗಿ ತಳ್ಳಬಲ್ಲಿರಿ ಅನ್ನುವುದು. ಮೊದಲ ಎರಡನ್ನು ಮನೆಯಲ್ಲಿ ಅಳೆಯಬಹುದು. ಮೂರನೆಯದನ್ನು ಮನೆಯಲ್ಲಿ ಖಂಡಿತ ಮಾಡಬೇಡಿ.

ಮೊದಲು ಇದನ್ನು ಓದಿ: ಯಾರು ಅಳೆಯಬಾರದು

ಈ ಲೇಖನ 3 ತಿಂಗಳಿಗಿಂತ ಜಾಸ್ತಿ ಕಾಲದಿಂದ ನೋವಿದ್ದು, ಒಮ್ಮೆ ಡಾಕ್ಟರಿಗೆ ತೋರಿಸಿ "ಗಾಬರಿ ಬೇಡ, ವ್ಯಾಯಾಮ ಮಾಡಬಹುದು" ಅನ್ನಿಸಿಕೊಂಡವರಿಗೆ. ನಿನ್ನೆ ಮೊನ್ನೆ ಕತ್ತು ಉಳುಕಿದ್ದರೆ ಅದು ಇಳಿಯಲಿ, ಆಮೇಲೆ ನೋಡೋಣ.

ಕೆಳಗಿನ ಯಾವುದಾದರೂ ಇದ್ದರೆ ಪರೀಕ್ಷೆಗೆ ಹೋಗಬೇಡಿ, ಮೊದಲು ಡಾಕ್ಟರನ್ನು ನೋಡಿ. ಕೈಯಿಂದ ವಸ್ತು ಜಾರುವುದು, ಗುಂಡಿ ಹಾಕಲು ಕಷ್ಟವಾಗುವುದು. ನಡೆಯುವಾಗ ತೂರಾಡುವುದು. ಮೂತ್ರದ ಮೇಲೆ ಹಿಡಿತ ತಪ್ಪುವುದು. ತೋಳು, ಬೆರಳಿಗೆ ಇಳಿಯುವ ನೋವು ಅಥವಾ ಜೋಮು ದಿನೇ ದಿನೇ ಜಾಸ್ತಿಯಾಗುವುದು. ಕತ್ತು ತಿರುಗಿಸಿದಾಗ ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು. ಬೈಕಿನಿಂದ ಬಿದ್ದದ್ದು, ತಲೆಗೆ ಪೆಟ್ಟಾದದ್ದು. ಕತ್ತಿನ ಆಪರೇಷನ್ ಆದವರು, ಕೀಲುಗಳೆಲ್ಲ ಊದುವ ಸಂಧಿವಾತ ಇರುವವರು, ಮೂಳೆ ಸವೆತ ಜಾಸ್ತಿ ಇರುವ ಹಿರಿಯರು ಕೂಡ ಮನೆಯಲ್ಲಿ ಮಾಡುವುದು ಬೇಡ.

ಏನೇನು ಬೇಕು

ನೆಲದ ಮೇಲೆ ಚಾಪೆ. ಹಾಸಿಗೆ ಬೇಡ, ಅದು ತಗ್ಗುತ್ತದೆ. ಫೋನಿನ ಸ್ಟಾಪ್‌ವಾಚ್. ಬಾಲ್ ಪೆನ್ನು. ಒಂದು ನೋಟ್‌ಬುಕ್. ಗಾಳಿ ಬಲ್ಬನ್ನು ಕೈಯಲ್ಲಿ ಒತ್ತುವ, ಮುಳ್ಳು ತಿರುಗುವ ಹಳೆ ಬಗೆಯ ಬಿಪಿ ಮಿಷನ್. ಬಟನ್ ಒತ್ತಿದರೆ ತಾನೇ ಗಾಳಿ ತುಂಬಿಕೊಳ್ಳುವ ಡಿಜಿಟಲ್ ಮಿಷನ್ ಇದಕ್ಕೆ ಆಗುವುದಿಲ್ಲ, ಸುಮ್ನೆ ಪ್ರಯತ್ನಿಸಬೇಡಿ. ಬಿಪಿ ಮಿಷನ್ ಇಲ್ಲದಿದ್ದರೆ ಹಂತ 2 ಬಿಟ್ಟು ಹಂತ 3ಕ್ಕೆ ಹೋಗಿ.

ಮುಖ್ಯವಾಗಿ, ಜೊತೆಗೆ ಒಬ್ಬರು ಬೇಕು. ಮನೆಯವರು, ಮಕ್ಕಳು ಯಾರಾದರೂ ಸರಿ. ಆದರೆ ಪ್ರತಿ ಸಲ ಅದೇ ಒಬ್ಬರು ಇರಲಿ. ನೋಡುವ ಕಣ್ಣು ಬದಲಾದರೆ ಅಳತೆಯೂ ಬದಲಾಗುತ್ತದೆ.

ಹಂತ 1: ನೋವನ್ನು ಬರೆದುಕೊಳ್ಳಿ

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ನನ್ನ ಪ್ರಕಾರ ಇಡೀ ಅಳತೆಯಲ್ಲಿ ಇದೇ ದೊಡ್ಡದು.

ನೋವು ಇರುವ ಕತ್ತು ತನ್ನ ಪೂರ್ತಿ ಬಲ ತೋರಿಸುವುದಿಲ್ಲ. ನೋವು ಮತ್ತು "ಏನಾದರೂ ಆದರೆ" ಅನ್ನುವ ಭಯ ಎರಡೂ ಸೇರಿ ಮೆದುಳು ಸ್ನಾಯುವಿಗೆ ಬ್ರೇಕ್ ಹಾಕುತ್ತದೆ. ಆಗ ಕಡಿಮೆ ಬಂದ ಸಂಖ್ಯೆ ಸ್ನಾಯು ಸೊರಗಿದ್ದರಿಂದಲೋ, ನೋವು ತಡೆದದ್ದರಿಂದಲೋ ಅಂತ ಸಂಖ್ಯೆಯನ್ನಷ್ಟೇ ನೋಡಿ ಹೇಳಲು ಆಗುವುದಿಲ್ಲ. ಪಕ್ಕದಲ್ಲಿ ನೋವಿನ ಅಂಕ ಇದ್ದರೆ ಹೇಳಬಹುದು.

ಸೊನ್ನೆ ಅಂದರೆ ನೋವೇ ಇಲ್ಲ, 10 ಅಂದರೆ ತಡೆಯಲಾಗದ ನೋವು. ಈಗ ಎಷ್ಟಿದೆ ಅಂತ ಒಂದು ಅಂಕ ಕೊಡಿ, ಬರೆಯಿರಿ. 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇವತ್ತು ಬಿಡಿ, ಇನ್ನೊಂದು ದಿನ ಮಾಡಿ.

ಸಮಯವನ್ನೂ ಬರೆಯಿರಿ. ಬೆಳಿಗ್ಗೆ ಎದ್ದು ಒಂದೆರಡು ಗಂಟೆ ಓಡಾಡಿದ ಮೇಲಿನ ಹೊತ್ತು ಒಳ್ಳೆಯದು. ಹರಿಹರದಿಂದ ಬೈಕಿನಲ್ಲಿ ಬಂದ ತಕ್ಷಣ, ಇಡೀ ದಿನ ಮಿಷನ್ ತುಳಿದ ಸಂಜೆ, ನೋವಿನ ಮಾತ್ರೆ ನುಂಗಿದ ಮೇಲೆ ಅಳೆದರೆ ಬೇರೆ ಬೇರೆ ಸಂಖ್ಯೆ ಬರುತ್ತದೆ. ಕಟಿಂಗ್ ಶಾಪ್‌ನಲ್ಲಿ ಕತ್ತು ತಿರುವಿ ನೆಟಿಗೆ ತೆಗೆಸಿಕೊಂಡು ಬಂದೂ ಅಳೆಯಬೇಡಿ. ಕತ್ತು ನೋವಿರುವವರು ಆ ತಿರುವಿಸಿಕೊಳ್ಳುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು.

ಹಂತ 2: ಒಳಗಿನ ಸ್ನಾಯುವಿನ ಹಿಡಿತ (ಬಿಪಿ ಪಟ್ಟಿಯಿಂದ)

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ವೆಂಡೊಲೆನ್ ಜಲ್ ಮತ್ತು ಅವರ ಸಂಗಡಿಗರು ರೂಪಿಸಿದ ಪರೀಕ್ಷೆ ಇದಕ್ಕೆ ಮೂಲ. ಕ್ಲಿನಿಕ್ಕಿನಲ್ಲಿ ಇದಕ್ಕೆಂದೇ ಮಾಡಿದ ಗಾಳಿಚೀಲ ಬಳಸುತ್ತೇವೆ. ಬಿಪಿ ಪಟ್ಟಿ ಅದರ ಬಡ ತಮ್ಮ. ಪಟ್ಟಿಯ ಬಟ್ಟೆ, ಗಾತ್ರ ಬೇರೆ ಇರುವುದರಿಂದ ಎರಡರ ಸಂಖ್ಯೆ ಹೋಲಿಸಬಾರದು. ಆದರೆ ಅದೇ ಪಟ್ಟಿಯಲ್ಲಿ ನಿಮ್ಮನ್ನು ನೀವೇ ಹೋಲಿಸಿಕೊಳ್ಳಲು ಸಾಕು.

ತತ್ವ ಸರಳ. ಒಳಗಿನ ಸ್ನಾಯು ಕೆಲಸ ಮಾಡಿದಾಗ ಕತ್ತಿನ ಹಿಂದಿನ ಬಾಗು ಸ್ವಲ್ಪ ನೇರವಾಗುತ್ತದೆ. ಕೆಳಗಿಟ್ಟ ಪಟ್ಟಿ ಒತ್ತಿಕೊಳ್ಳುತ್ತದೆ, ಮುಳ್ಳು ಮೇಲೇರುತ್ತದೆ.

ಹೀಗೆ ಮಾಡಿ:

1. ಅಂಗಾತ ಮಲಗಿ, ಮೊಣಕಾಲು ಮಡಚಿ. ದಿಂಬು ಬೇಡ. ತಲೆ ಹಿಂದಕ್ಕೆ ವಾಲಿ ಗದ್ದ ಮೇಲೆದ್ದರೆ ಮಾತ್ರ ತಲೆಯ ಕೆಳಗೆ ಟವೆಲ್ ಮಡಚಿಡಿ. ಎಷ್ಟು ಮಡಿಕೆ ಅಂತ ಬರೆದುಕೊಳ್ಳಿ, ಮುಂದಿನ ಸಲವೂ ಅಷ್ಟೇ ಇರಬೇಕು.

2. ಪಟ್ಟಿಯನ್ನು ಅಂಗೈ ಅಗಲಕ್ಕೆ ಮಡಚಿ, ತಲೆಬುರುಡೆ ಮುಗಿಯುವ ಜಾಗದ ಕೆಳಗೆ, ಕತ್ತಿನ ಹಿಂದೆ ಇಡಿ. ಹೆಗಲ ಹತ್ತಿರ ಜಾರಬಾರದು.

3. ಮುಳ್ಳು 20ಕ್ಕೆ ಬರುವ ತನಕ ಜೊತೆಗಾರರು ಗಾಳಿ ತುಂಬಲಿ. ಅರ್ಧ ನಿಮಿಷ ಕಾಯಿರಿ. ಮುಳ್ಳು ತಾನೇ ಇಳಿದರೆ ಎಲ್ಲೋ ಸೋರುತ್ತಿದೆ, ಆ ಪಟ್ಟಿಯಲ್ಲಿ ಅಳತೆ ಬೇಡ.

4. ನಾಲಗೆಯನ್ನು ಅಂಗುಳಕ್ಕೆ ತಾಗಿಸಿ. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸ್ವಲ್ಪ ಜಾಗ ಇರಲಿ. ಹಲ್ಲು ಕಚ್ಚಿದರೆ ದವಡೆಯ ಮತ್ತು ಗಂಟಲಿನ ಸ್ನಾಯುಗಳು ನಡುವೆ ಬರುತ್ತವೆ.

5. ಈಗ "ಹೂಂ" ಅನ್ನುವ ಹಾಗೆ, ತುಂಬಾ ನಿಧಾನಕ್ಕೆ, ಗದ್ದವನ್ನು ಕೆಳಕ್ಕೆ ಬಾಗಿಸಿ. ತಲೆ ನೆಲ ಬಿಡಬಾರದು. ಮುಳ್ಳು 22ಕ್ಕೆ ಬಂದಾಗ ನಿಲ್ಲಿಸಿ, 10 ಸೆಕೆಂಡು ಹಿಡಿಯಿರಿ. ಉಸಿರು ಆಡುತ್ತಿರಲಿ. ವಾಪಸ್ ಬನ್ನಿ. ಅರ್ಧ ನಿಮಿಷ ವಿಶ್ರಾಂತಿ.

6. ಹೀಗೇ 24, 26, 28, 30. ಪ್ರತಿ ಸಲ 20ರಿಂದಲೇ ಶುರು. 10 ಸೆಕೆಂಡು ಅಲುಗಾಡದೆ ಹಿಡಿಯಲು ಆದ ಕೊನೆಯ ಸಂಖ್ಯೆ ನಿಮ್ಮ ಅಳತೆ.

ತಪ್ಪುಗಳು ಆಗುವುದು ಐದನೇ ಹೆಜ್ಜೆಯಲ್ಲಿ. ಗದ್ದ ಬಾಗಿಸುವ ಬದಲು ತಲೆಯನ್ನು ನೆಲಕ್ಕೆ ಒತ್ತಿದರೂ ಮುಳ್ಳು ಏರುತ್ತದೆ. ಅದು ಹಿಂದಿನ ಸ್ನಾಯುಗಳ ಕೆಲಸ, ಲೆಕ್ಕಕ್ಕಿಲ್ಲ. ಇನ್ನೊಂದು, ಕತ್ತಿನ ಪಕ್ಕದ ಆ ಹಗ್ಗದಂಥ ಸ್ನಾಯು ಬಿಗಿಯುವುದು. ಜೊತೆಗಾರರು ಅದರ ಮೇಲೆ ಬೆರಳನ್ನು ಹಗುರವಾಗಿ ಇಟ್ಟಿರಲಿ. ಅದು ಗಟ್ಟಿಯಾಗಿ ಎದ್ದು ನಿಂತರೆ, ಅಥವಾ ಮುಳ್ಳು ನಡುಗಿದರೆ, ಅಲ್ಲಿಗೆ ನಿಲ್ಲಿಸಿ. ಅದರ ಹಿಂದಿನ ಸಂಖ್ಯೆಯೇ ನಿಮ್ಮದು. ಬಲವಂತದಿಂದ 30 ಮುಟ್ಟಿಸಿದರೆ ನಿಮ್ಮ ನೋಟ್‌ಬುಕ್‌ನಲ್ಲಿ ಸುಳ್ಳು ಕೂತ ಹಾಗೆ.

ಕ್ಲಿನಿಕ್ಕಿನ ಗಾಳಿಚೀಲದಲ್ಲಿ ನೋವಿಲ್ಲದವರು ಸಾಮಾನ್ಯವಾಗಿ 26ರಿಂದ 30ರ ತನಕ ಹಿಡಿಯುತ್ತಾರೆ. ಹಳೆ ನೋವಿನವರಲ್ಲಿ ಹಲವರು 22, 24ರಲ್ಲೇ ನಿಲ್ಲುತ್ತಾರೆ. ನೀವು 22ರಲ್ಲಿ ನಿಂತರೆ ಬೇಜಾರಾಗಬೇಡಿ. ಇದು ಅಭ್ಯಾಸದಿಂದ ಸುಧಾರಿಸುವ ವಿಷಯ.

ಇಲ್ಲಿಂದ ಮುಂದಿನ ಹಂತಕ್ಕೆ ಮುಂಚೆ 5 ನಿಮಿಷ ಸುಮ್ಮನೆ ಮಲಗಿರಿ.

ಹಂತ 3: ತಾಳಿಕೆ (ತಲೆ ಎತ್ತಿ ಹಿಡಿಯುವುದು)

1. ಮೊದಲಿನ ಹಾಗೇ ಮಲಗಿ. ಪಟ್ಟಿ, ಟವೆಲ್ ತೆಗೆಯಿರಿ. ಕೈಗಳು ಹೊಟ್ಟೆಯ ಮೇಲೆ.

2. ಗದ್ದವನ್ನು ಪೂರ್ತಿ ಒಳಗೆ ಎಳೆದುಕೊಳ್ಳಿ. ಗದ್ದದ ಕೆಳಗೆ, ಕತ್ತಿನ ಪಕ್ಕದಲ್ಲಿ ಚರ್ಮ ಮಡಿಕೆ ಬೀಳುತ್ತದೆ. ಆ ಮಡಿಕೆಗಳಿಗೆ ಅಡ್ಡವಾಗಿ ಜೊತೆಗಾರರು ಪೆನ್ನಿನಿಂದ ಒಂದು ಗೆರೆ ಎಳೆಯಲಿ. ಗದ್ದ ಒಳಗಿರುವ ತನಕ ಗೆರೆಯ ತುಂಡುಗಳು ಕೂಡಿಕೊಂಡಿರುತ್ತವೆ. ಗದ್ದ ಜಾರಿದರೆ ಬೇರೆಯಾಗುತ್ತವೆ. ಕಣ್ಣಂದಾಜಿಗಿಂತ ಇದು ಎಷ್ಟೋ ನಂಬಿಕೆಯ ಗುರುತು.

3. ಗದ್ದ ಹಾಗೇ ಇಟ್ಟುಕೊಂಡು ತಲೆಯನ್ನು 2.5 ಸೆಂ.ಮೀ. ಮಾತ್ರ ಎತ್ತಿ. ಒಂದು ಇಂಚು, ಅಷ್ಟೇ. ಜೊತೆಗಾರರು ತಲೆಯ ಕೆಳಗೆ ಎರಡು ಬೆರಳನ್ನು ಒಂದರ ಮೇಲೊಂದು ಇಟ್ಟು ಅಂದಾಜು ನೋಡಲಿ. ಸ್ಟಾಪ್‌ವಾಚ್ ಶುರು.

4. ಗೆರೆ ಒಡೆದರೆ ಅಥವಾ ತಲೆ ಬೆರಳಿಗೆ ತಾಗಿದರೆ ಜೊತೆಗಾರರು ಒಮ್ಮೆ "ಗದ್ದ ಒಳಗೆ", "ತಲೆ ಮೇಲೆ" ಅಂತ ಎಚ್ಚರಿಸಬಹುದು. ಒಂದು ಸೆಕೆಂಡಿನಲ್ಲಿ ಸರಿಯಾಗದಿದ್ದರೆ ಗಡಿಯಾರ ನಿಲ್ಲಿಸಿ.

5. ನೋವು ಶುರುವಿನಲ್ಲಿದ್ದ ಅಂಕಕ್ಕಿಂತ 2 ಏರಿದರೆ ಇಳಿಸಿ. ತೋಳಿಗೆ ನೋವು, ಜೋಮು, ತಲೆಸುತ್ತು ಬಂದರೆ ತಕ್ಷಣ ಇಳಿಸಿ, ಆ ದಿನ ಮತ್ತೆ ಮಾಡಬೇಡಿ.

ಒಂದೇ ಸಲ ಸಾಕು. "ಇನ್ನೊಂದು ಸಲ ಮಾಡಿದರೆ ಜಾಸ್ತಿ ಬರುತ್ತೆ" ಅಂತ ಆಸೆಯಾಗುತ್ತದೆ, ಅಲ್ವಾ? ಸುಸ್ತಾದ ಸ್ನಾಯುವಿನಲ್ಲಿ ಎರಡನೇ ಸಲ ಕಡಿಮೆಯೇ ಬರುವುದು ಹೆಚ್ಚು, ಮರುದಿನ ಕತ್ತು ಹಿಡಿದುಕೊಳ್ಳುವುದೂ ಇದರಿಂದಲೇ.

ಯಾಕೆ ನಿಲ್ಲಿಸಿದಿರಿ ಅಂತ ಬರೆಯುವುದನ್ನು ಮರೆಯಬೇಡಿ. ಸುಸ್ತಾಗಿ ತಲೆ ನಡುಗಿತೇ, ಗದ್ದ ಜಾರಿತೇ, ನೋವಾಯಿತೇ, ಇಲ್ಲ ಭಯವಾಯಿತೇ? 15 ಸೆಕೆಂಡಿಗೆ ಸುಸ್ತಾಗಿ ನಿಂತದ್ದು ಒಂದು ಕಥೆ, 15 ಸೆಕೆಂಡಿಗೆ ಹೆದರಿ ನಿಂತದ್ದು ಬೇರೆಯೇ ಕಥೆ. ಮೊದಲನೆಯದಕ್ಕೆ ವ್ಯಾಯಾಮ ಬೇಕು. ಎರಡನೆಯದಕ್ಕೆ ಮೊದಲು ಧೈರ್ಯ ಬೇಕು.

ಎಷ್ಟು ಬಂದರೆ ಸರಿ? 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕತ್ತುನೋವು ಇಲ್ಲದವರ ಸರಾಸರಿ ಸುಮಾರು 39 ಸೆಕೆಂಡು, ಇರುವವರದು ಸುಮಾರು 24. ಆದರೆ ಒಬ್ಬರಿಂದೊಬ್ಬರಿಗೆ ತುಂಬಾ ವ್ಯತ್ಯಾಸ ಇತ್ತು. 2011ರ ಇನ್ನೊಂದರಲ್ಲಿ ನೋವಿಲ್ಲದ ಗಂಡಸರ ಸರಾಸರಿ 39ರ ಹತ್ತಿರ, ಹೆಂಗಸರದು 29ರ ಹತ್ತಿರ. ಅಂದರೆ 30 ಸೆಕೆಂಡು ಹಿಡಿದ ಹೆಂಗಸಿಗೆ "ನಿಮ್ಮದು ಕಡಿಮೆ" ಅಂತ ಗಂಡಸಿನ ಸಂಖ್ಯೆ ತೋರಿಸುವುದು ತಪ್ಪು. ಪಕ್ಕದ ಮನೆಯವರ ಜೊತೆ ಹೋಲಿಸುವುದು ಇನ್ನೂ ತಪ್ಪು.

ಹಂತ 4: ಪೂರ್ತಿ ಬಲ (ಕ್ಲಿನಿಕ್ಕಿನಲ್ಲಿ ಮಾತ್ರ)

ಕೊಕ್ಕೆ ಇರುವ ತೂಕದ ಮಿಷನ್ನಿಗೆ ಬೆಲ್ಟ್ ಕಟ್ಟಿ, ತಲೆಗೆ ಸುತ್ತಿ ಎಳೆದು ನೋಡಬಹುದಲ್ಲ ಅಂತ ಹಲವರು ಕೇಳಿದ್ದಾರೆ. ದಯವಿಟ್ಟು ಬೇಡ. ಬೆಲ್ಟ್ ಜಾರಿದರೆ ಕತ್ತು ಝಟ್ಟನೆ ಎಳೆದುಕೊಳ್ಳುತ್ತದೆ. ನೋವಿರುವ ಕತ್ತಿಗೆ ಅದು ದೊಡ್ಡ ಪೆಟ್ಟು.

ಕ್ಲಿನಿಕ್ಕಿನಲ್ಲಿ ಡೈನಮೋಮೀಟರ್ ಬಳಸುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣ, ಅದಕ್ಕೆ ಮೆತ್ತನೆಯ ಗಾದಿ ಇರುತ್ತದೆ. ನೀವು ಎಷ್ಟು ಬಲದಿಂದ ಒತ್ತಿದಿರಿ ಅಂತ ಕೆ.ಜಿ. ಅಥವಾ ನ್ಯೂಟನ್‌ನಲ್ಲಿ ತೋರಿಸುತ್ತದೆ. ನ್ಯೂಟನ್ ಅಂದರೆ ಬಲದ ಅಳತೆ, 10 ಕೆ.ಜಿ. ಭಾರದಷ್ಟು ಬಲ ಅಂದರೆ 98 ನ್ಯೂಟನ್. ಎಲ್ಲ ಕಡೆ ಈ ಉಪಕರಣ ಇರುವುದಿಲ್ಲ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ಬರೀ ಕೈಯಲ್ಲಿ ಒತ್ತಿ ನೋಡಿ 5ಕ್ಕೆ ಇಷ್ಟು ಅಂತ ಅಂಕ ಕೊಡುವ ಪದ್ಧತಿಯೂ ಇದೆ. ಪಾರ್ಶ್ವವಾಯುವಿನಂಥ ದೊಡ್ಡ ನಿಶ್ಶಕ್ತಿ ಹಿಡಿಯಲು ಅದು ಒಳ್ಳೆಯದು. ಹಳೆ ಕತ್ತುನೋವಿನ ಸಣ್ಣ ಕೊರತೆ ಅದಕ್ಕೆ ಸಿಗುವುದಿಲ್ಲ, ಹೆಚ್ಚಿನವರಿಗೆ 4 ಅಥವಾ 5 ಬಂದುಬಿಡುತ್ತದೆ.

ನಿಮ್ಮನ್ನು ಅಳೆಯುವಾಗ ಇವನ್ನು ಗಮನಿಸಿ. ಎದೆಯನ್ನು ಕುರ್ಚಿಗೆ ಬೆಲ್ಟಿನಿಂದ ಕಟ್ಟಿದರೆ ಒಳ್ಳೆಯದು, ಇಲ್ಲವಾದರೆ ಸೊಂಟ ಬೆನ್ನಿನ ಬಲವೂ ಸೇರಿಬಿಡುತ್ತದೆ. ಗಾದಿ ಹಣೆಯ ಮೇಲೆ ಹುಬ್ಬಿನಿಂದ ಎಷ್ಟು ಎತ್ತರದಲ್ಲಿ ಕೂತಿದೆ ಅನ್ನುವುದು ಮುಖ್ಯ. ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ತುದಿಯಲ್ಲಿ ತಳ್ಳುವುದಕ್ಕೂ ವ್ಯತ್ಯಾಸ ಇಲ್ಲವೇ? ಇಲ್ಲೂ ಅದೇ. ಶುರುವಿನಲ್ಲಿ ಒಂದೆರಡು ಸಲ ಅರ್ಧ ಬಲದಲ್ಲಿ ತಳ್ಳಿ ಸ್ನಾಯು ಸಜ್ಜಾಗಬೇಕು. ಆಮೇಲೆ 2–3 ಸೆಕೆಂಡಿನಲ್ಲಿ ನಿಧಾನಕ್ಕೆ ಬಲ ಏರಿಸಿ, 3–5 ಸೆಕೆಂಡು ಹಿಡಿಯಬೇಕು. ಝಾಡಿಸಬಾರದು. ಮೂರು ಸಲ, ನಡುವೆ ಒಂದು ನಿಮಿಷ ಬಿಡುವು. ಅಳೆಯುವವರು ನಿಮ್ಮ ಬಲಕ್ಕೆ ಸಮನಾಗಿ ಹಿಡಿದು ನಿಲ್ಲಬೇಕೇ ಹೊರತು ನಿಮ್ಮನ್ನು ಸೋಲಿಸಲು ತಳ್ಳಬಾರದು. ಹಳೆ ನೋವಿನವರಿಗೆ ಈ ತಳ್ಳಿ ಮುರಿಯುವ ರೀತಿ ಬೇಡ ಅಂತ ಧಾರಾಳವಾಗಿ ಹೇಳಿ.

ಹಿಂದಕ್ಕೆ ತಳ್ಳುವ ಬಲ ಮುಂದಕ್ಕಿಂತ ಜಾಸ್ತಿ ಬರುತ್ತದೆ. ಅದು ಸಹಜ. ಮುಂದಿನದು ಕಡಿಮೆ ಬಂತು ಅಂತ ಹೆದರಿ ಫೋನ್ ಮಾಡುವವರು ಇದ್ದಾರೆ, ಅದಕ್ಕೇ ಹೇಳಿದೆ.

ವರದಿಯಲ್ಲಿ ಬರೀ ಸಂಖ್ಯೆ ಬೇಡ. ಕೂತು ಅಳೆದದ್ದೋ ಮಲಗಿಯೋ, ಗಾದಿ ಎಲ್ಲಿತ್ತು, ಮೂರರಲ್ಲಿ ದೊಡ್ಡದು ಬರೆದರೋ ಸರಾಸರಿಯೋ, ಯಾವ ಉಪಕರಣ, ಆಗ ನೋವು ಎಷ್ಟಿತ್ತು, ಇಷ್ಟನ್ನೂ ಬರೆದುಕೊಡಲು ಕೇಳಿ. ಇವಿಲ್ಲದಿದ್ದರೆ ಮುಂದಿನ ಸಲ ಬೇರೆ ಕಡೆ ಹೋದಾಗ ಆ ಹಾಳೆಯಿಂದ ಉಪಯೋಗವಿಲ್ಲ.

ಹಂತ 5: ಬರೆದಿಡುವುದು, ಮತ್ತೆ ಅಳೆಯುವುದು

ಒಂದು ಸಾಲು ಹೀಗಿರಲಿ: "ತಾರೀಖು 3, ಬೆಳಿಗ್ಗೆ 9. ಮೊದಲು ನೋವು 3. ಪಟ್ಟಿ 24. ತಲೆ ಎತ್ತಿದ್ದು 17 ಸೆಕೆಂಡು, ಗದ್ದ ಜಾರಿತು. ಆಮೇಲೆ ನೋವು 4. ಮರುದಿನ 3." ಮರುದಿನದ ಅಂಕ ಬಿಡಬೇಡಿ. ಅದು ಮೊದಲಿದ್ದ ಅಂಕಕ್ಕಿಂತ 2ಕ್ಕೂ ಜಾಸ್ತಿ ಏರಿ, ಎರಡು ದಿನವಾದರೂ ಇಳಿಯದಿದ್ದರೆ ಈ ಪರೀಕ್ಷೆ ಸದ್ಯಕ್ಕೆ ನಿಮ್ಮ ಕತ್ತಿಗೆ ಭಾರ ಅಂತ ಅರ್ಥ. ಫಿಸಿಯೋಥೆರಪಿಸ್ಟ್ ಮುಂದೆಯೇ ಮಾಡಿ.

ದಿನಕ್ಕೆ ಎಷ್ಟು ತೊಂದರೆ ಆಗುತ್ತಿದೆ ಅನ್ನುವುದಕ್ಕೂ ಒಂದು ಅಳತೆ ಇದೆ. 1991ರಿಂದ ಬಳಕೆಯಲ್ಲಿರುವ ನೆಕ್ ಡಿಸೆಬಿಲಿಟಿ ಇಂಡೆಕ್ಸ್, ಅಂದರೆ ಕತ್ತುನೋವಿನಿಂದ ಓದುವುದು, ಭಾರ ಎತ್ತುವುದು, ನಿದ್ದೆ, ಗಾಡಿ ಓಡಿಸುವುದು ಎಷ್ಟು ಕೆಟ್ಟಿದೆ ಅಂತ ಕೇಳುವ 10 ಪ್ರಶ್ನೆಗಳು. ಪ್ರತಿಯೊಂದಕ್ಕೆ ಸೊನ್ನೆಯಿಂದ 5, ಒಟ್ಟು 50. ಕ್ಲಿನಿಕ್ಕಿನಲ್ಲಿ ಕನ್ನಡದಲ್ಲಿ ಕೇಳಿ ತುಂಬಿಸಿಕೊಳ್ಳಲು ಹೇಳಿ. ಸೆಕೆಂಡು ಏರದಿದ್ದರೂ ಈ ಅಂಕ ಇಳಿಯುತ್ತಿದ್ದರೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ.

ವಾರ ವಾರ ಅಳೆಯಬೇಡಿ. ವ್ಯಾಯಾಮ ಶುರುಮಾಡಿ 6 ವಾರವಾದ ಮೇಲೆ ಒಮ್ಮೆ, 12 ವಾರಕ್ಕೆ ಒಮ್ಮೆ. 3–4 ಸೆಕೆಂಡಿನ ಏರಿಳಿತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ದಿನದಿಂದ ದಿನಕ್ಕೆ ಆಗುವುದೇ. ತಾಳ್ಮೆ ಕಳೆದುಕೊಳ್ಳುವವರಿಗೆ ಒಂದು ಮಾತು: 2003ರಲ್ಲಿ ಫಿನ್‌ಲ್ಯಾಂಡಿನಲ್ಲಿ ಹಳೆ ಕತ್ತುನೋವಿದ್ದ 180 ಆಫೀಸು ಕೆಲಸದ ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಒಂದು ವರ್ಷ ಬಲದ ವ್ಯಾಯಾಮ ಮಾಡಿದವರಲ್ಲಿ ಮುಂದಕ್ಕೆ ಬಾಗುವ ಬಲ 110% ಏರಿತು, ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ತಾಳಿಕೆಯ ವ್ಯಾಯಾಮ ಮಾಡಿದವರಲ್ಲಿ ಅದೇ ಬಲ 28% ಏರಿತು. ನೋವು ಎರಡೂ ಗುಂಪಿನಲ್ಲಿ ಇಳಿಯಿತು. ಆದರೆ ಅದಕ್ಕೆ ಹಿಡಿದದ್ದು ಇಡೀ ಒಂದು ವರ್ಷ.

ಎರಡು ಸಲ ಸತತವಾಗಿ ಅಳತೆ ಇಳಿದರೆ, ಅಥವಾ ಮೊದಲು ಇಲ್ಲದ ಕೈಯ ನಿಶ್ಶಕ್ತಿ ಕಾಣಿಸಿದರೆ, ನೋಟ್‌ಬುಕ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. "ಯಾವಾಗಿಂದ?" ಅನ್ನುವ ಅವರ ಪ್ರಶ್ನೆಗೆ ಅದರಲ್ಲಿ ಉತ್ತರ ಇರುತ್ತದೆ.

ಮತ್ತೆ ಅಳೆಯುವ ದಿನ ನೋಟ್‌ಬುಕ್ ಜೊತೆಗಾರರ ಕೈಯಲ್ಲೇ ಇರಲಿ. ಹಳೆಯ ಸಂಖ್ಯೆ ಕಣ್ಣಿಗೆ ಬಿದ್ದರೆ ಅದನ್ನು ದಾಟಲೇಬೇಕು ಅಂತ ಹಲ್ಲು ಕಚ್ಚುತ್ತೀರಿ, ಹಗ್ಗದಂಥ ಸ್ನಾಯು ಮತ್ತೆ ಎದ್ದು ನಿಲ್ಲುತ್ತದೆ. ಹೊಸದನ್ನು ಬರೆದಾದ ಮೇಲೆ ಹಿಂದಿನ ಪುಟ ತಿರುವಿ.